ತಂಗಿಯ ಕತ್ತೂ ಅಮ್ಮನ ಮಾತ್ರೆಯೂ

ನನ್ನ ತಂಗಿಯ ಕತ್ತನ್ನು ನಾನು ಎಂಟು ಹತ್ತು ವರ್ಷ ತಿಕ್ಕಿದ್ದೇನೆ. ಕಡಲೆಹಿಟ್ಟು, ಮೊಸರು, ನಿಂಬೆಸಿಪ್ಪೆ, ತೆಂಗಿನ ನಾರು, ಕೊನೆಗೆ ಹಿಮ್ಮಡಿ ಉಜ್ಜುವ ಕಲ್ಲು. ಪ್ರಮೀಳಾಳ ಕತ್ತಿನ ಹಿಂದೆ ಮಖಮಲ್ಲಿನ ಪಟ್ಟಿ ಅಂಟಿಸಿದ ಹಾಗೆ ಕಪ್ಪು ಕೂತಿತ್ತು. ನಾವು ಅದನ್ನು ಕೊಳೆ ಅಂದುಕೊಂಡಿದ್ದೆವು. "ಸ್ನಾನ ಮಾಡ್ತೀಯೋ, ಮೈಗೆ ನೀರು ತೋರಿಸ್ಕೊಂಡು ಬರ್ತೀಯೋ?" ಎಂದು ನಾನು ಕೇಳುತ್ತಿದ್ದೆ. ಅವಳು ತಲೆ ಬಗ್ಗಿಸಿ ಮಣೆಯ ಮೇಲೆ ಕೂರುತ್ತಿದ್ದಳು. ನಾನು ತಳ ಹತ್ತಿದ ಪಾತ್ರೆಯನ್ನು ತಿಕ್ಕುವ ಹುಮ್ಮಸ್ಸಿನಲ್ಲಿ ತಿಕ್ಕುತ್ತಿದ್ದೆ. ಚರ್ಮ ಕೆಂಪಾಗಿ ಉರಿಯುತ್ತಿತ್ತು. ಕಪ್ಪು ಇದ್ದಲ್ಲೇ ಇತ್ತು. ಅದಕ್ಕೂ ನಾನು ಅವಳ ಸೋಮಾರಿತನವನ್ನೇ ಬೈದೆ.

ನಾನು ಓದಿದ್ದು ಏಳನೇ ಕ್ಲಾಸು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರಿಗೆ ಒಂದು ಅನುಕೂಲವಿದೆ: ಗೊತ್ತಿಲ್ಲದ್ದು ಎಷ್ಟಿದೆ ಎಂದು ಗೊತ್ತಾಗುವ ಮೊದಲೇ ಹೊರಗೆ ಬಂದಿರುತ್ತೇವೆ. ಹಾಗಾಗಿ ನನಗೆ ಎಲ್ಲವೂ ಗೊತ್ತಿತ್ತು. ಮನೆಯಲ್ಲಿ ಯಾರಿಗೆ ಕೆಮ್ಮು ಬಂದರೂ, ಯಾರ ಮದುವೆ ತಡವಾದರೂ, ಅಮ್ಮ "ನಾಗೂನ ಕೇಳಿ" ಎನ್ನುತ್ತಿದ್ದಳು. ನಾಗು ಅಂದರೆ ನಾನು. ಕೇಳದಿದ್ದರೂ ಹೇಳುತ್ತಿದ್ದೆ.

ನಮ್ಮದು ಸುದ್ದಗುಂಟೆಪಾಳ್ಯದ ಮಗ್ಗುಲಿನ ಹಳೇ ಊರು. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಲೇಔಟಾಗಿ, ನಾವು ಒಕ್ಕಲುತನ ಬಿಟ್ಟು ಓನರ್‌ಗಳಾದವರು. ಹೊಲ ಇದ್ದಾಗ ನಮ್ಮ ಕಡೆ ಹೆಣ್ಣು ನೋಡಲು ಬಂದವರು ತೋಳು ನೋಡುತ್ತಿದ್ದರು. "ಹುಡುಗಿ ಮೈಕೈ ತುಂಬ್ಕೊಂಡವ್ಳೆ" ಎಂದರೆ ಅರ್ಧ ಮದುವೆ ಆದಂತೆ. ಆ ಲೆಕ್ಕದಲ್ಲಿ ಕಡ್ಡಿಯಂತಿದ್ದ ನಾನು ಮನೆಯ ಚಿಂತೆ. ಅಜ್ಜಿ ನನಗೆ ಬೆಣ್ಣೆ ತಿನ್ನಿಸಿ ತಿನ್ನಿಸಿ ಸೋತು, "ಇವ್ಳಿಗೆ ಹಾಕಿದ್ದು ಹಿತ್ತಲಿಗೆ ಚೆಲ್ಲಿದಂಗೆ" ಎಂದು ಕೈಬಿಟ್ಟಿದ್ದಳು. ಹೊಲದಲ್ಲಿ ಕಟ್ಟಡ ಎದ್ದ ಮೇಲೆ ಕಾಲ ತಿರುಗಿತು. ಮಧ್ಯಾಹ್ನದ ಹೊತ್ತು ಟಿವಿಯಲ್ಲಿ ತುಟಿಗೂ ಮಾತಿಗೂ ಸಂಬಂಧವಿಲ್ಲದ ಬಿಳಿ ಹೆಂಗಸರು ಬಂದು, ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ನಡುಗುತ್ತಾ, "ಓಹ್, ನನಗೆ ನಂಬಲಿಕ್ಕೇ ಆಗುತ್ತಿಲ್ಲ!" ಎಂದು ಕನ್ನಡದಲ್ಲಿ ಕಿರುಚತೊಡಗಿದರು. ನೋಡನೋಡುತ್ತಿದ್ದಂತೆ ನಾನು ಸುಂದರಿಯಾದೆ, ಪ್ರಮೀಳ ಸಮಸ್ಯೆಯಾದಳು. ಇಬ್ಬರೂ ಏನೂ ಮಾಡಿರಲಿಲ್ಲ. ಆದರೆ ನಾನು ಏನೋ ಮಾಡಿದವಳ ಹಾಗೆ ಓಡಾಡಿದೆ. ಮದುವೆ ಮನೆಗಳಲ್ಲಿ ಹೆಂಗಸರು "ಎರಡು ಮಕ್ಕಳಾದ್ರೂ ಹೆಂಗೆ ಮೇಂಟೇನ್ ಮಾಡಿದೀಯೇ!" ಅಂದರೆ, "ಬಾಯಿಗೆ ಬೀಗ ಹಾಕ್ಬೇಕು ಕಣಮ್ಮಾ, ಅಷ್ಟೆ" ಎಂದು ಹೇಳಿ, ಮೂರನೇ ಹೋಳಿಗೆಗೆ ಕೈ ಚಾಚುತ್ತಿದ್ದೆ.

ಮದುವೆಯಾದ ಮೇಲೂ ನಾನು ಅಮ್ಮನ ಮನೆಯ ಮಹಡಿಯಲ್ಲೇ ಇದ್ದೆ. ಕೆಳಗೆ ಅಮ್ಮ ಮತ್ತು ಪ್ರಮೀಳ. ಹಿಂದಿನ ಪೋರ್ಷನ್ನುಗಳಲ್ಲಿ ಬಾಡಿಗೆಯವರು. ಪ್ರಮೀಳ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದಳು. ಬಿಟಿಎಂ ಲೇಔಟಿನ ಅರ್ಧ ಹೆಂಗಸರ ಸುತ್ತಳತೆ ಅವಳ ಪುಸ್ತಕದಲ್ಲಿತ್ತು. ಒಬ್ಬರದನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ಅವಳ ಅಳತೆಯನ್ನು ಮಾತ್ರ ಬೀದಿಯವರೆಲ್ಲ ಕಣ್ಣಲ್ಲೇ ತೆಗೆದು ಬಾಯಲ್ಲಿ ಹೇಳುತ್ತಿದ್ದರು. ಅವರಲ್ಲಿ ಮೊದಲನೆಯವಳು ನಾನು.

ಅವಳು ಕದ್ದು ತಿನ್ನುತ್ತಾಳೆ ಎಂಬುದು ನನ್ನ ಗಟ್ಟಿ ನಂಬಿಕೆ. ನಾನು ಚಕ್ಕುಲಿ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಅಟ್ಟ ಹತ್ತಲಾರದವಳು ಅವಳು. ಆದರೂ ಡಬ್ಬಿ ಖಾಲಿಯಾಗುತ್ತಿತ್ತು. ಖಾಲಿ ಮಾಡುತ್ತಿದ್ದವಳು ನಾನೇ. ನನ್ನ ಮೈಗೆ ಅದು ಹತ್ತುತ್ತಿರಲಿಲ್ಲವಾದ್ದರಿಂದ ತಿಂದೆ ಎಂದೇ ನನಗೆ ಅನ್ನಿಸುತ್ತಿರಲಿಲ್ಲ. ಜಯನಗರದ ಕಾಂಪ್ಲೆಕ್ಸಿಗೆ ಹೋದಾಗಲೆಲ್ಲ, ಬಣ್ಣದ ದೀಪ ತಿರುಗುವ ತೂಕದ ಮಿಷನ್ನಿನ ಮೇಲೆ ಅವಳನ್ನು ನಿಲ್ಲಿಸುತ್ತಿದ್ದೆ. ಒಂದು ಕಡೆ ತೂಕ, ಇನ್ನೊಂದು ಕಡೆ ಭವಿಷ್ಯ ಅಚ್ಚಾದ ಚೀಟಿ ಟಪ್ಪೆಂದು ಬೀಳುತ್ತಿತ್ತು. ನಾನು ತೂಕ ಓದಿ ಹಣೆ ಚಚ್ಚಿಕೊಳ್ಳುತ್ತಿದ್ದೆ. ಅವಳು ಚೀಟಿ ತಿರುಗಿಸಿ, "ನೋಡಕ್ಕಾ, ನಂಗೆ ನಾಯಕತ್ವದ ಗುಣ ಐತಂತೆ" ಎನ್ನುತ್ತಿದ್ದಳು. ಆ ಮಿಷನ್ನಿಗೆ ಇದ್ದ ಸೌಜನ್ಯ ನನಗಿರಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆ, ಹಿಂದಿನ ಪೋರ್ಷನ್ನಿಗೆ ಬಾಗಲಕೋಟೆ ಕಡೆಯ ಸುವರ್ಣ ಎಂಬ ಹುಡುಗಿ ಬಾಡಿಗೆಗೆ ಬಂದಳು. ಜಯನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಒಂದು ಭಾನುವಾರ ನಾನು ಬಚ್ಚಲಿನ ಬಾಗಿಲಲ್ಲಿ ಪ್ರಮೀಳಾಳ ಕತ್ತಿನ ಮೇಲೆ ಕಲ್ಲಾಡಿಸುತ್ತಿದ್ದಾಗ, ಬಟ್ಟೆ ಒಣಗಿಸಲು ಬಂದವಳು ಬಕೆಟ್ಟು ಕೆಳಗಿಟ್ಟು ನೋಡಿದಳು.

"ಅಕ್ಕಾರ, ಏನ್ ಮಾಡಾಕತ್ತೀರಿ?"

"ಕಾಣ್ಸಲ್ವಾ? ಕೊಳೆ ತೆಗೀತಿದೀನಿ."

"ಅದು ಕೊಳಿ ಅಲ್ರೀ ಯಕ್ಕಾ! ಒಳಗಿಂದ್ ಬಂದಿದ್ದು ಹೊರಗ ತಿಕ್ಕಿದ್ರ ಹೆಂಗ ಹೋಗತೈತ್ರಿ? ಪಾಪ, ಬಿಡ್ರಿ ಅವರನ್ನ. ಒಮ್ಮೆ ರಕ್ತಾ ತೋರಸ್ರಿ."

ಓನರ್ ಆದವಳಿಗೆ ಬಾಡಿಗೆಯವರು ಬುದ್ಧಿ ಹೇಳುವುದು ನನಗೆ ಸರಿಬರಲಿಲ್ಲ. ಆದರೆ ಪ್ರಮೀಳ ಮಣೆಯಿಂದ ಎದ್ದು, "ಯಾವ ಡಾಕ್ಟ್ರು?" ಎಂದು ಕೇಳಿಯೇಬಿಟ್ಟಳು. ಅವಳಿಗೆ ಮೂರು ನಾಲ್ಕು ತಿಂಗಳಿಗೊಮ್ಮೆ ಮುಟ್ಟಾಗುತ್ತಿತ್ತು. ಗಲ್ಲದ ಮೇಲೆ ಕೂದಲು ಬಂದು, ಯಾರಿಗೂ ಕಾಣದಂತೆ ಕಿತ್ತುಕೊಳ್ಳುತ್ತಿದ್ದಳು. ಇಷ್ಟನ್ನೂ ಸುವರ್ಣಾಳಿಗೆ ಐದೇ ನಿಮಿಷದಲ್ಲಿ ಹೇಳಿದಳು. ನನಗೆ ಹೇಳಿರಲಿಲ್ಲ. ಹೇಳಿದ್ದರೆ ನಾನು ಅದಕ್ಕೂ ಒಂದು ಕಲ್ಲು ಹುಡುಕುತ್ತಿದ್ದೆ.

ಡಾಕ್ಟರು ನಮ್ಮ ಹಿಂದಿನ ರಸ್ತೆಯಲ್ಲೇ ಕ್ಲಿನಿಕ್ ಇಟ್ಟಿದ್ದ ಹೆಂಗಸು, ಮೆತ್ತಗಿನ ಮಾತಿನವರು. ಸ್ಕ್ಯಾನು, ರಕ್ತ ಎಲ್ಲ ಆದ ಮೇಲೆ ಹೇಳಿದರು: "ಇವರಿಗೆ ಶುಗರ್ ಇಲ್ಲ. ಆದ್ರೆ ಶುಗರ್ ಏರದ ಹಾಗೆ ನೋಡ್ಕೊಳ್ಳೋಕೆ ಮೈಯೊಳಗೆ ಇನ್ಸುಲಿನ್ ಅನ್ನೋದು ಸಿಕ್ಕಾಪಟ್ಟೆ ದುಡೀತಾ ಇದೆ. ಮೈ ಅದರ ಮಾತು ಕೇಳ್ತಾ ಇಲ್ಲ. ಇನ್ಸುಲಿನ್ ರೆಸಿಸ್ಟೆನ್ಸ್ ಅಂತೀವಿ. ಕತ್ತು ಕಪ್ಪಾಗಿರೋದು, ಮುಟ್ಟು ತಪ್ಪೋದು, ತಿಂದ ಸ್ವಲ್ಪ ಹೊತ್ತಿಗೇ ಹಸಿವಾಗೋದು, ತೂಕ ಇಳೀದೇ ಇರೋದು, ಎಲ್ಲಾ ಒಂದೇ ಗುಂಪು."

ಏಳನೇ ಕ್ಲಾಸಿನವಳಾದರೂ ನಾನು ಬಾಡಿಗೆ ಮನೆಗಳ ಓನರು. ಇದು ನನಗೆ ಥಟ್ಟನೆ ಅರ್ಥವಾಯಿತು. ಒಳಗೆ ಕೂತು ಬಾಗಿಲು ತೆಗೆಯದ ಬಾಡಿಗೆಯವನ ಮುಂದೆ ನಿಂತು ನಾನು ತಟ್ಟುತ್ತೇನಲ್ಲ, ಹಾಗೆ. ಒಮ್ಮೆ ತಟ್ಟಿದರೆ ಕೇಳಿಸುವುದಿಲ್ಲ, ಜೋರಾಗಿ ತಟ್ಟುತ್ತೇನೆ, ಆಮೇಲೆ ಇಡೀ ಬೀದಿ ಎದ್ದು ಬರುತ್ತದೆ, ಅವನು ಮಾತ್ರ ಬರುವುದಿಲ್ಲ. ತಂಗಿಯ ಮೈಯಲ್ಲಿ ಇಂಥ ಗಲಾಟೆ ವರ್ಷಗಟ್ಟಲೆ ನಡೆದಿತ್ತು. ಅರ್ಥವಾಯಿತು ಎಂದೆನಲ್ಲ, ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಡಾಕ್ಟರು ದಿನಾ ನಡೆಯಲು ಹೇಳಿದರು, ಅನ್ನ ಕಡಿಮೆ ಮಾಡಿ ಕಾಳು ಸೊಪ್ಪು ಹೆಚ್ಚಿಸಲು ಹೇಳಿದರು, ಮೈ ಇನ್ಸುಲಿನ್ ಮಾತು ಕೇಳುವಂತೆ ಮಾಡುವ ಒಂದು ಮಾತ್ರೆ ಬರೆದುಕೊಟ್ಟರು. "ಒಂದೇ ದಿನಕ್ಕೆ ಆಗಲ್ಲ, ತಿಂಗಳುಗಳು ಬೇಕು" ಎಂದರು. ಚೀಟಿಯನ್ನು ಪ್ರಮೀಳಾಳ ಕಡೆ ಚಾಚಿದ್ದರು. ನಾನು ಮಧ್ಯದಲ್ಲಿ ಕೈ ಹಾಕಿ ತೆಗೆದುಕೊಂಡೆ.

ನಮ್ಮ ಮನೆಯ ಮಾತ್ರೆ ಪದ್ಧತಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಫ್ರಿಜ್ಜಿನ ಮೇಲೆ ಒಂದು ಹಳೇ ಬಿಸ್ಕತ್ ಡಬ್ಬಿ. ಮನೆಯ ಸಮಸ್ತ ಮಾತ್ರೆಗಳೂ ಅದರಲ್ಲಿ. ಹೆಸರು ಯಾರೂ ಓದುವುದಿಲ್ಲ. ಬಿಳಿದು ಜ್ವರಕ್ಕೆ, ಹಳದಿ ಗ್ಯಾಸಿಗೆ, ಕೆಂಪು ನಿಶ್ಶಕ್ತಿಗೆ. ನನ್ನ ಗಂಡನಿಗೆ ಬರೆದ ಮಂಡಿ ನೋವಿನ ಮಾತ್ರೆಯನ್ನು ಕತ್ತರಿಯಲ್ಲಿ ಕತ್ತರಿಸಿ ಪಕ್ಕದ ಮನೆಯ ಸೊಂಟನೋವಿಗೆ ಕೊಟ್ಟು ಪುಣ್ಯ ಕಟ್ಟಿಕೊಂಡಿದ್ದೇವೆ. ಒಬ್ಬರ ಮಾತ್ರೆ ಒಬ್ಬರಿಗೇ ಸೇರಿದ್ದು ಎಂಬ ಆಲೋಚನೆಯೇ ನಮಗೆ ಜಿಪುಣತನದಂತೆ ಕಾಣುತ್ತಿತ್ತು. ಆ ಡಬ್ಬಿಯ ಒಡತಿ ನಾನು.

ಮೆಡಿಕಲ್ ಸ್ಟೋರಿನವನು ಚೀಟಿ ನೋಡಿ, ಸ್ಟ್ರಿಪ್ಪು ತೆಗೆಯುತ್ತಾ, ಅಂಗಡಿ ತುಂಬ ಕೇಳುವಂತೆ, "ಅಮ್ಮಂಗೆ ಶುಗರ್ ಮಾತ್ರೆ ಖಾಲಿ ಆಯ್ತಾ ಅಕ್ಕಾ?" ಎಂದ. ನೋಡಿದರೆ ಹೌದು, ಅಮ್ಮ ವರ್ಷಗಳಿಂದ ನುಂಗುತ್ತಿದ್ದ ಅದೇ ಮಾತ್ರೆ. ಮುಂದಿನ ತಿಂಗಳು ಆನೇಕಲ್ ಕಡೆಯಿಂದ ಪ್ರಮೀಳಾಳನ್ನು ನೋಡಲು ಗಂಡಿನವರು ಬರುವವರಿದ್ದರು. ಶುಗರ್ ಇಲ್ಲದ ಹುಡುಗಿಗೆ ಶುಗರ್ ಮಾತ್ರೆ! ಇದು ಆ ಅಂಗಡಿಯಿಂದ ಹೊರಟರೆ ಆನೇಕಲ್ ಮುಟ್ಟಲು ಒಂದು ಬಸ್ಸು ಸಾಕು. "ಹೂಂ, ಅಮ್ಮಂಗೇ" ಎಂದೆ. ಮನೆಗೆ ಬಂದು ಅದನ್ನು ಅಮ್ಮನ ಪಾಲಿಗೇ ಸೇರಿಸಿದೆ. ಡಾಕ್ಟರಿಗೆ ಗೊತ್ತಾಗದ್ದು ನನಗೆ ಗೊತ್ತಾಯಿತು ಎಂಬ ಸಮಾಧಾನವೂ ಆಯಿತು.

ಇನ್ನು ತಂಗಿಗೆ ಏನಾದರೂ ಕೊಡಬೇಕಲ್ಲ. ಜೆಪಿ ನಗರದಲ್ಲಿ ಒಂದು ಸ್ಲಿಮ್ಮಿಂಗ್ ಸೆಂಟರ್ ಇತ್ತು. ಕೆಳಗೆ ಬೇಕರಿ, ಮೇಲೆ ಸೆಂಟರು. ಹತ್ತುವವರೂ ಇಳಿಯುವವರೂ ಪಫ್ಸಿನ ವಾಸನೆ ದಾಟಿಯೇ ಹೋಗಬೇಕು. ಗೋಡೆಯ ತುಂಬ ಮೊದಲು-ಆಮೇಲೆ ಫೋಟೋಗಳು. ಒಬ್ಬಾಕೆಗೆ ಮೊದಲು ಬಲಗೆನ್ನೆಯಲ್ಲಿದ್ದ ಮಚ್ಚೆ, ಸಣ್ಣಗಾದ ಮೇಲೆ ಎಡಗೆನ್ನೆಗೆ ಹೋಗಿತ್ತು. ಅದನ್ನು ನೋಡಿಯೂ ನಾನು ನಂಬಿದೆ. ಕೊಬ್ಬು ಕರಗುವಾಗ ಮಚ್ಚೆ ಜಾರಿರಬಹುದು. ಬಿಳಿ ಕೋಟಿನ ಮೇಡಂ ಒಬ್ಬರು, ಹಿಂದಿನ ವರ್ಷದವರೆಗೆ ಅದೇ ಕೋಣೆಯಲ್ಲಿ ಹುಬ್ಬು ತೀಡುತ್ತಿದ್ದವರು, ಹೆಸರಿಲ್ಲದ ಪ್ಲಾಸ್ಟಿಕ್ ಬಾಟಲಿ ಮುಂದಿಟ್ಟರು.

"ಫಾರಿನ್ ಕ್ಯಾಪ್ಸೂಲ್ ಆಂಟಿ. ಫುಲ್ ಹರ್ಬಲ್ಲು."

"ಏನೂ ತೊಂದ್ರೆ ಆಗಲ್ವಾ?"

"ಆಗತ್ತೆ. ಹಳೇ ಬ್ಲೌಸೆಲ್ಲಾ ಲೂಸಾಗತ್ತೆ."

ಹೀಗೆ ಮಾತಾಡುವವರನ್ನು ನಂಬದೆ ಇರುವುದು ಹೇಗೆ? ಡಾಕ್ಟರು ತಿಂಗಳುಗಳು ಬೇಕು ಎಂದಿದ್ದರು, ಪಾಪ, ಅವರಿಗೆ ವ್ಯಾಪಾರ ಗೊತ್ತಿಲ್ಲ. ನಾನು ಬಾಟಲಿ ತಂದು, "ಡಾಕ್ಟ್ರು ಬರ್ಕೊಟ್ಟಿದ್ದು, ಬೆಳಿಗ್ಗೆ ಒಂದು" ಎಂದು ತಂಗಿಯ ಕೈಗಿಟ್ಟೆ. ಅವಳು ನಂಬಿದಳು. ಮಿಷನ್ನಿನ ಪಕ್ಕದ ದಾರದ ಪೆಟ್ಟಿಗೆಯಲ್ಲಿ ಇಟ್ಟುಕೊಂಡು, ತಪ್ಪದೆ ನುಂಗಿದಳು.

ಮೂರು ವಾರದಲ್ಲಿ ಅವಳು ಇಳಿದಳು. ಬಾಯಿ ಒಣಗುತ್ತದೆ ಎಂದಳು. ನೀರು ಕುಡಿ ಎಂದೆ. ನಿದ್ದೆ ಬರಲ್ಲ ಎಂದಳು. ಹೆಚ್ಚು ರವಿಕೆ ಹೊಲಿ ಎಂದೆ. ಎದೆ ಢವಢವ ಅಂತೈತೆ ಎಂದಳು. ಗಂಡು ಬರ್ತಾನಲ್ಲ, ಅದಕ್ಕೇ ಎಂದು ನಾಚಿಸಲು ನೋಡಿದೆ. ಬೀದಿಯವರು "ಏನಮ್ಮಾ, ಸಖತ್ತಾಗಿ ಕಾಣ್ತೀಯ!" ಎಂದರು. ಸುವರ್ಣ ಒಬ್ಬಳೇ, "ಇಷ್ಟ ಲಗೂ ಇಳಿಬಾರದಲ್ರೀ ಯಕ್ಕಾ" ಎಂದು ನನ್ನ ಮುಖ ನೋಡಿದಳು. ನಾನು ನೀರಿನ ಮೋಟಾರು ಆಫ್ ಮಾಡುವ ನೆಪದಲ್ಲಿ ಹಿತ್ತಲಿಗೆ ಹೋದೆ.

ಆನೇಕಲ್ಲಿನವರು ಬಂದರು. ಬಾಗಿಲಲ್ಲಿ ಮೊದಲು ಹುಡುಗನ ಹೊಟ್ಟೆ ಬಂತು, ಸ್ವಲ್ಪ ತಡೆದು ಹುಡುಗ ಬಂದ. ಕೂತ ಕುರ್ಚಿ ನರಳಿತು. ಗಂಡಸಿನ ಹೊಟ್ಟೆಯನ್ನು ನಮ್ಮಲ್ಲಿ ಯಾರೂ ತೂಗುವುದಿಲ್ಲ. ಅದು ಅನುಕೂಲಸ್ಥರ ಗುರುತು. ಅವನ ಚಿಕ್ಕಮ್ಮ ಮಾತ್ರ ಅಡುಗೆಮನೆಯ ಬಾಗಿಲ ಮೇಲೆ ಕಣ್ಣಿಟ್ಟು, "ಹುಡುಗಿ ಸ್ವಲ್ಪ ದಪ್ಪ ಅಂದಿದ್ರು" ಎಂದರು. "ಈಗ ಇಳಿದವ್ಳೆ, ಇನ್ನೂ ಇಳೀತಾಳೆ" ಎಂದೆ ನಾನು, ಸಿಮೆಂಟಿನ ರೇಟು ಹೇಳಿದ ಹಾಗೆ. ಆಗ ಪ್ರಮೀಳ ಕಾಫಿಯ ತಟ್ಟೆ ಹಿಡಿದು ಬಂದಳು. ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಹಣೆಯಲ್ಲಿ ಬೆವರು. ನಾಲ್ಕು ಹೆಜ್ಜೆ ಇಟ್ಟು, ಯಾರ ಮೈಮೇಲೂ ಚೆಲ್ಲದಂತೆ ತಟ್ಟೆಯನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ಕುಸಿದು ಕೂತಳು. ಬೀಳುವಾಗಲೂ ಇನ್ನೊಬ್ಬರ ಬಟ್ಟೆಯ ಯೋಚನೆ. "ಹುಡುಗೀಗೆ ನಡುಕದ ಕಾಯಿಲೆ ಏನಾದ್ರೂ..." ಎಂದು ಚಿಕ್ಕಮ್ಮ ಎದ್ದರು. ಹುಡುಗ ಕೋಡುಬಳೆ ಮುಗಿಸಿ ಎದ್ದ.

ಅಲ್ಲಿಂದ ನೇರ ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ನಾಡಿ ಹಿಡಿದು, ಎದೆಯ ಇಸಿಜಿ ಪಟ್ಟಿ ತೆಗೆಸಿ ನೋಡಿ, "ನಾನು ಕೊಟ್ಟ ಮಾತ್ರೆಗೆ ಹೀಗಾಗಲ್ಲವಲ್ಲ. ಬೇರೆ ಏನಾದ್ರೂ ತಗೊಂಡ್ರಾ?" ಎಂದು ಕೇಳಿದರು.

"ಇಲ್ಲ ಮೇಡಂ. ನೀವು ಬರ್ಕೊಟ್ಟಿದ್ದೇ, ಒಂದ್ ದಿನಾನೂ ತಪ್ಪಿಸಿಲ್ಲ."

ಡಾಕ್ಟರು ನನ್ನ ಕಡೆ ತಿರುಗಿದರು. ಬಾಯಿ ಬಿಡಬೇಕಾದ ಜಾಗ ಅದು. ಬಿಟ್ಟೆ.

"ಹೊರಗಡೆ ಗೋಬಿ ಮಂಚೂರಿ ತಿಂತಾಳೆ ಮೇಡಂ" ಎಂದೆ.

ಯಾಕೆ ಹಾಗಂದೆನೋ. ಗಾಡಿಯ ಗೋಬಿಯ ಹುಚ್ಚು ಇದ್ದದ್ದು ನನಗೆ. ಡಾಕ್ಟರು ನಿಟ್ಟುಸಿರು ಬಿಟ್ಟು ಪ್ರಮೀಳಾಳಿಗೆ ಗೋಬಿಯ ಬಗ್ಗೆ ಮೆತ್ತಗೆ ಬುದ್ಧಿ ಹೇಳಿದರು. ಅವಳು ತಲೆ ಬಗ್ಗಿಸಿ ಕೇಳಿಸಿಕೊಂಡಳು. ಎದುರು ಮಾತಾಡಿ ನಂಬಿಸಲಾಗದ ವಿಷಯಗಳಲ್ಲಿ ದಪ್ಪಗಿರುವ ಹೆಂಗಸಿನ ಊಟ ಮೊದಲನೆಯದು ಎಂದು ಅವಳಿಗೆ ನನ್ನಿಂದಲೇ ಗೊತ್ತಿತ್ತು. ರಕ್ತ ಮತ್ತೆ ಕೊಡಿ, ರಿಪೋರ್ಟ್ ಬರುವವರೆಗೆ ಯಾವ ಮಾತ್ರೆಯೂ ತಗೋಬೇಡಿ ಎಂದರು ಡಾಕ್ಟರು. ನಾನು ಮನೆಗೆ ಬಂದು ಬಾಟಲಿಯನ್ನು ಬಚ್ಚಲಿಗೆ ಸುರಿದೆ. ಅವಳ ಎದೆಬಡಿತ ಇಳಿಯಿತು. ನನ್ನದು ಏರಿತು.

ನಾಲ್ಕು ದಿನದ ಮೇಲೆ ರಿಪೋರ್ಟ್ ನೋಡಿದ ಡಾಕ್ಟರು, "ಇನ್ಸುಲಿನ್ ಒಂದು ಚೂರೂ ಇಳಿದಿಲ್ಲ. ಈ ಮಾತ್ರೆ ಸಾಲ್ತಿಲ್ಲ, ಡೋಸ್ ಎರಡರಷ್ಟು ಮಾಡೋಣ" ಎಂದು ಹೊಸ ಚೀಟಿ ಬರೆದರು. ಅದನ್ನೂ ನಾನೇ ಕೈಚಾಚಿ ತೆಗೆದುಕೊಂಡೆ, ಅಭ್ಯಾಸ. ಆದರೆ ಈ ಸಲ ಮೆಡಿಕಲ್ ಸ್ಟೋರಿಗೆ ಪ್ರಮೀಳಾನೂ ಬಂದಳು. ಅಂಗಡಿಯವನು ಚೀಟಿ ನೋಡಿ ಅವಳನ್ನೇ ಕೇಳಿದ: "ಇದು ಡಬಲ್ ಪವರ್ ಅಕ್ಕಾ. ಚಿಕ್ಕದು ಎಷ್ಟು ದಿನ ತಗೊಂಡ್ರಿ? ಒಂದೇ ಸಲ ದೊಡ್ಡದು ಶುರು ಮಾಡಿದ್ರೆ ಹೊಟ್ಟೆ ತೊಳೆಸತ್ತೆ, ಅದಕ್ಕೆ ಕೇಳಿದೆ." ಅವಳು "ಒಂದು ತಿಂಗಳು" ಎಂದಳು.

ನುಂಗದ ಮಾತ್ರೆ ಸಾಲಲಿಲ್ಲ ಎಂದು ಅದರ ಎರಡರಷ್ಟು ಅವಳ ಹೊಟ್ಟೆಗೆ ಹೋಗಲಿತ್ತು. ಸುಳ್ಳು ಹೇಳಿ ಹೇಳಿ ಚಾಳಿಬಿದ್ದ ನಾಲಿಗೆಗೂ ಅಷ್ಟು ದೂರ ಹೋಗಲು ಭಯವಾಯಿತು. "ಬಾ ಇಲ್ಲಿ" ಎಂದು ಅವಳನ್ನು ಪಕ್ಕದ ಸ್ಕೂಟರುಗಳ ಸಂದಿಗೆ ಕರೆದು ಎಲ್ಲ ಹೇಳಿದೆ. ಅಮ್ಮನ ಪಾಲಿಗೆ ಸೇರಿಸಿದ್ದು, ಬೇಕರಿಯ ಮೇಲಿನ ಸೆಂಟರು, ಹೆಸರಿಲ್ಲದ ಬಾಟಲಿ, ಆನೇಕಲ್ಲಿನವರ ಭಯ. "ನಿನ್ನ ಒಳ್ಳೇದಕ್ಕೇ ಕಣೇ" ಎಂದೂ ಸೇರಿಸಿದೆ; ಇದನ್ನು ಸೇರಿಸದೆ ನನಗೆ ಯಾವ ವಾಕ್ಯವೂ ಮುಗಿಯುತ್ತಿರಲಿಲ್ಲ.

ಅವಳು ಅಳುತ್ತಾಳೆ ಅಂದುಕೊಂಡೆ. ಕೂಗಾಡಿದರೆ ಜನ ನೋಡುತ್ತಾರಲ್ಲ ಎಂದೂ ಅಂದುಕೊಂಡೆ. ಆಗಲೂ ಜನದ ಚಿಂತೆಯೇ. ಅವಳು ಯಾರದ್ದೋ ಸ್ಕೂಟರಿನ ಸೀಟಿನ ಹರಿದ ಹೊಲಿಗೆಯನ್ನು ಬೆರಳಲ್ಲಿ ಸವರುತ್ತಾ ನಿಂತಿದ್ದಳು.

"ಮಾತ್ರೆ ಬದಲಾಯಿಸ್ದೆ. ನಿಂಗೆ ಭಯ ಇತ್ತು, ಸರಿ. ಗೋಬಿ ಯಾಕೆ ಅಂದೆ ಅಕ್ಕಾ?"

ಎಲ್ಲದಕ್ಕೂ ಉತ್ತರವಿದ್ದ ನಾಗು, ಮೆಡಿಕಲ್ ಸ್ಟೋರಿನ ಪಕ್ಕದಲ್ಲಿ ಬಾಯಿ ತೆರೆದು ನಿಂತಿದ್ದಳು.

"ನಾನು ಸುಳ್ಳು ಹೇಳ್ತಿಲ್ಲ ಅಂತ ಆ ರೂಮಲ್ಲಿ ಗೊತ್ತಿದ್ದೋಳು ನೀನೊಬ್ಳೇ" ಎಂದಳು. ನನ್ನ ಕೈಯಿಂದ ಚೀಟಿ ತೆಗೆದುಕೊಂಡು ಮತ್ತೆ ಕ್ಲಿನಿಕ್ಕಿನ ಕಡೆ ನಡೆದಳು. ನಾನು ಹಿಂದೆ ಓಡಿದೆ. ಅಷ್ಟು ವೇಗವಾಗಿ ಅವಳು ನಡೆದದ್ದನ್ನು ನಾನು ನೋಡಿರಲಿಲ್ಲ. ಡಾಕ್ಟರು ಹೇಳಿದ ನಡಿಗೆ ಅವತ್ತೇ ಶುರುವಾಯಿತು ಅನ್ನಬೇಕು. ಕ್ಲಿನಿಕ್ಕಿನ ಬಾಗಿಲಲ್ಲಿ ನಾನೂ ಚಪ್ಪಲಿ ಬಿಡಲು ಹೋದಾಗ ತಿರುಗಿ, "ನೀನು ಇಲ್ಲೇ ಕೂತ್ಕೋ" ಎಂದಳು.

ಕೂತೆ. ಪಕ್ಕದಲ್ಲಿ ಒಬ್ಬ ಗರ್ಭಿಣಿ, ಎದುರಿಗೆ ಮಗುವಿನ ಚಿತ್ರದ ಕ್ಯಾಲೆಂಡರು. ಒಳಗಿನ ಮಾತು ಕೇಳಿಸಲಿ ಎಂದು ಕುರ್ಚಿಯನ್ನು ಒಂದೆರಡು ಸಲ ಬಾಗಿಲ ಕಡೆ ಜರುಗಿಸಿದೆ. ಗರ್ಭಿಣಿ ನನ್ನನ್ನು ನೋಡಿದಳು. ಮತ್ತೆ ಹಿಂದಕ್ಕೆ ಜರುಗಿಸಿದೆ. ಅರ್ಧ ಗಂಟೆ ಆಗಿರಬೇಕು. ನಡುವೆ ಒಮ್ಮೆ ಒಳಗಿನಿಂದ ಪ್ರಮೀಳಾಳ ನಗು ಕೇಳಿತು. ಏನು ಹೇಳಿದಳೋ, ನನ್ನ ಬಗ್ಗೆ ಹೇಳಿದಳೋ ಇಲ್ಲವೋ. ತಂಗಿಯ ಬಗ್ಗೆ ನನಗೆ ಗೊತ್ತಿಲ್ಲದ ಮಾತೊಂದು ಗೋಡೆಯ ಆ ಕಡೆ ನಡೆಯುತ್ತಿತ್ತು, ನಾನಿಲ್ಲದೆ ಚೆನ್ನಾಗಿಯೇ ನಡೆಯುತ್ತಿತ್ತು.

ಅವಳು ಹೊರಗೆ ಬಂದಳು. ಚೀಟಿ ಮಡಚಿ ತನ್ನ ಪರ್ಸಿನಲ್ಲಿ ಇಟ್ಟುಕೊಂಡಳು.

"ಏನಂದ್ರೇ ಡಾಕ್ಟ್ರು?"

"ನಂಗೆ ಹೇಳಿದ್ರು."

ಮನೆಯವರೆಗೂ ಅಷ್ಟೇ ಮಾತು. ಆಮೇಲೂ ಆ ವಿಷಯದಲ್ಲಿ ಅಷ್ಟೇ. ನನ್ನ ಜೊತೆ ಊಟ ಮಾಡುತ್ತಾಳೆ, ನನ್ನ ರವಿಕೆ ಹೊಲಿದುಕೊಡುತ್ತಾಳೆ, ಹಬ್ಬಕ್ಕೆ ಸೀರೆ ಆರಿಸುವಾಗ ಜಗಳವಾಡುತ್ತಾಳೆ. ಏನು ನುಂಗುತ್ತಾಳೆ, ಎಷ್ಟು ನಡೆಯುತ್ತಾಳೆ, ಮುಟ್ಟು ಸರಿಹೋಯಿತೇ, ಹೇಳುವುದಿಲ್ಲ. ನಾನೂ ಕೇಳುವುದನ್ನು ಕಷ್ಟಪಟ್ಟು ನಿಲ್ಲಿಸಿದ್ದೇನೆ. ಅದು ನಾನು ಮಾಡಿದ ಏಕೈಕ ಪಥ್ಯ. ಕ್ಷಮಿಸಿದ್ದಾಳೋ ಇಲ್ಲವೋ ಎಂಬುದೂ ಅವಳು ನನಗೆ ಹೇಳದ ವಿಷಯಗಳಲ್ಲಿ ಒಂದು.

ಮದುವೆ ಮನೆಗಳಲ್ಲಿ ಹೆಂಗಸರು ಈಗಲೂ ನನ್ನ ಪಕ್ಕಕ್ಕೆ ಸರಿದು, ಬಾಳೆಲೆಯ ಮೇಲೆ ಬಾಗಿ, "ನಿಮ್ಮ ತಂಗಿ ಈಗ ಎಷ್ಟು ಕೆಜಿ ಇದ್ದಾಳ್ರೀ?" ಎಂದು ಕೇಳುತ್ತಾರೆ. "ಗೊತ್ತಿಲ್ಲ" ಎನ್ನುತ್ತೇನೆ. ಅವರು ನಂಬುವುದಿಲ್ಲ. ತಂಗಿಯ ಮೈಯ ಬಗ್ಗೆ ನಾನು ಇಷ್ಟು ವರ್ಷದಲ್ಲಿ ಆಡಿದ ಮೊದಲ ನಿಜವಾದ ಮಾತು ಅದೇ.